ಸುಣ್ಣದ ಬೀದಿಗೆ ಹೋದ ಬಿಳಿ ಕೋಳಿ

ನಮ್ಮೂರಿನಲ್ಲಿ ಬಿಳಿ ಕೋಳಿ ಸಾಕುವವರು ಎರಡೇ ಬಗೆ: ಮಾನವಂತರು, ಇಲ್ಲವೇ ತಲೆಕೆಟ್ಟವರು. ಎರಡೂ ಒಬ್ಬರೇ ಆಗಿರುವುದೂ ಉಂಟು, ಆದರೆ ಅದನ್ನು ನಾನು ಹೇಳಬಾರದು. ನಾನು ಚಾವಡಿಯ ತಳವಾರ, ಹೆಸರು ಜವರಯ್ಯ. ಸೋಮವಾರ ಸೋಮವಾರ ಊರಿನ ಬಿಳಿ ಕೋಳಿಗಳನ್ನು ನೋಡಿಬರುವುದು, ಬಾಲ ಎತ್ತಿ ಎಲ್ಲಾದರೂ ಕರಿ ಪುಕ್ಕ ಇದೆಯೇ ಎಂದು ಹುಡುಕುವುದು, ಬದುಕಿದ್ದರೆ ಬದುಕಿದೆ, ಸತ್ತಿದ್ದರೆ ಸತ್ತಿದೆ ಎಂದು ಊರ ಯಜಮಾನರಿಗೆ ಒಪ್ಪಿಸುವುದು ನನ್ನ ಕೆಲಸ. ನನ್ನ ಹೆಂಡತಿ ಈರಮ್ಮ ಇದನ್ನು ಕೋಳಿ ಬಾಲದ ನೌಕರಿ ಅನ್ನುತ್ತಾಳೆ. ಅನ್ನಲಿ ಬಿಡಿ, ಹಿತ್ತಾಳೆ ಬಿಲ್ಲೆ ಇರುವುದು ನನ್ನ ಎದೆಯ ಮೇಲೆ, ಅವಳದರ ಮೇಲಲ್ಲ.

ನಮ್ಮೂರ ಮೇಲೆ ಹಾರುವ ಗಿಡುಗಗಳನ್ನು ಯಾರೂ ಎಣಿಸಿಲ್ಲ. ಎಣಿಸಲು ಮುಖ ಮೇಲೆತ್ತಿದರೆ ಅಷ್ಟರಲ್ಲಿ ಕೆಳಗೊಂದು ಕೋಳಿ ಹೋಗಿರುತ್ತದೆ. ಅದಕ್ಕೇ ಇಲ್ಲಿನ ಹೆಂಗಸರು ಕೋಳಿ ಕೊಳ್ಳುವಾಗ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಮೊಟ್ಟೆಯ ವಿಚಾರ. ಕಂದು ಪುಕ್ಕದ ಕೋಳಿ ತರಗೆಲೆಯ ಮೇಲೆ ಕೂತರೆ ಗಿಡುಗಕ್ಕೂ ಕಾಣುವುದಿಲ್ಲ, ಸಾಕಿದವಳಿಗೂ ಕಾಣುವುದಿಲ್ಲ. ಚುಕ್ಕೆ ಕೋಳಿ ಬೇಲಿಯ ನೆರಳಿನಲ್ಲಿ ನಿಂತರೆ ಬೇಲಿಯೇ ಆಗಿಬಿಡುತ್ತದೆ. ಕರಿ ಕೋಳಿಯನ್ನು ಕಂಡರೆ ಕಾಗೆ ಇರಬೇಕು ಎಂದುಕೊಂಡು ಗಿಡುಗ ತಂಟೆಗೆ ಹೋಗುವುದಿಲ್ಲ, ಕಾಗೆಗಳ ಜೊತೆ ಜಗಳ ಯಾರಿಗೆ ಬೇಕು. ಬಿಳಿ ಕೋಳಿ ಮಾತ್ರ ನಮ್ಮ ಕೆಮ್ಮಣ್ಣಿನ ಮೇಲೆ ಮೂರು ಹರಿದಾರಿ ದೂರದಿಂದ ಕಾಣುತ್ತದೆ. ಬಯಲಿಗೆ ಬಿಟ್ಟ ಬಿಳಿ ಕೋಳಿ ಹನ್ನೆರಡು ದಿನ ಬದುಕಿದರೆ ಹೆಚ್ಚು.

ಆದರೆ ಚಾವಡಿಯಲ್ಲಿ ಮಾತಾಡಬೇಕಾದರೆ ಬಿಳಿ ಕೋಳಿಯೇ ಬೇಕು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲಿನ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಊರು ಸೇರುತ್ತದೆ. ಮಾತಿದ್ದವರು ತಮ್ಮ ಕೋಳಿಯನ್ನು ಅಂಗಳದ ನಡುವೆ, ಕಟ್ಟದೆ, ಮುಚ್ಚದೆ, ನೆಲಕ್ಕೆ ಬಿಡಬೇಕು. ಕೋಳಿ ನೆಲದ ಮೇಲಿರುವಷ್ಟು ಹೊತ್ತು ಮಾತು. ಅಷ್ಟು ಹೊತ್ತು ಬೇರೆ ಯಾರೂ ಬಾಯಿ ಬಿಡುವಂತಿಲ್ಲ, ಜಾಗ ಬಿಟ್ಟು ಏಳುವಂತಿಲ್ಲ. ಒಡೆಯ ಕೋಳಿಯನ್ನು ಎತ್ತಿಕೊಂಡರೆ ಮಾತು ಮುಗಿಯಿತು, ಊರಿನಲ್ಲಿ ಗಟ್ಟಿಯಾಗಿ ನಿಂತಿತು. ಸಭೆ ಮುಗಿಯುವುದರೊಳಗೆ ಗಿಡುಗ ಎತ್ತಿಕೊಂಡರೆ ಆ ವರ್ಷ ಅವನಾಡಿದ ಮಾತೆಲ್ಲ ಬಿದ್ದುಹೋಯಿತು.

ಹೀಗಾಗಿ ನಮ್ಮೂರಿನಲ್ಲಿ ಭಾಷಣ ಎಂಬ ಪದಾರ್ಥವನ್ನು ಯಾರೂ ಕಂಡಿರಲಿಲ್ಲ. ಎಂಟು ಹತ್ತು ಪದ, ಅದೂ ಉಸಿರು ಬಿಗಿಹಿಡಿದು, ಕಣ್ಣು ಆಕಾಶದಲ್ಲಿ. ಹಿಂದೊಬ್ಬ ಹಿರಿಯರು “ಇನ್ನು ಮುಂದೆ ಕೆರೆ ಏರಿಯ ಮೇಲೆ ಯಾರೂ” ಎನ್ನುವಷ್ಟರಲ್ಲಿ ಗಿಡುಗ ಬಂತು. ನಿಯಮದ ಪ್ರಕಾರ ಆ ಮಾತು ಬಿದ್ದುಹೋಯಿತು. ಆದರೂ ಯಾಕೆ ಬೇಕು ಉಸಾಬರಿ ಎಂದು ಇವತ್ತಿಗೂ ಏರಿಯ ಮೇಲೆ ನಮ್ಮವರು ಕೂರುವುದಿಲ್ಲ, ನಿಲ್ಲುವುದಿಲ್ಲ, ಸೀನು ಬಂದರೂ ಮೂಗು ಹಿಡಿದುಕೊಂಡು ಆಚೆ ದಾಟುತ್ತಾರೆ.

ಬಿಳಿ ಕೋಳಿ ದಿನಕ್ಕೊಮ್ಮೆಯಾದರೂ ಬಿಸಿಲು ಕಾಣಬೇಕು ಎಂಬ ನಿಯಮವೂ ಇದೆ. ಮೇಲಿನ ಬೀದಿಯವರಿಗೆ ನಾಲ್ಕೂ ಕಡೆ ಗೋಡೆಯಿರುವ ಅಂಗಳಗಳಿವೆ. ಗೋಡೆಯಿಂದ ಗೋಡೆಗೆ ಬಲೆ ಕಟ್ಟಿ, ಬಲೆಯ ಕೆಳಗೆ ಕೋಳಿಗೆ ಬಿಸಿಲು ಕಾಣಿಸುತ್ತಾರೆ. ಗೋಡೆಯಿಲ್ಲದವರಿಗೆ ಬಲೆಯಿಲ್ಲ, ಬಲೆಯಿಲ್ಲದವರಿಗೆ ಕೋಳಿಯಿಲ್ಲ, ಕೋಳಿಯಿಲ್ಲದವರ ಮಾತು ಚಾವಡಿಯ ಲೆಕ್ಕದಲ್ಲಿ ಬರೀ ಸದ್ದು.

ಸುಣ್ಣದ ಬೀದಿಯ ಚೌಡಮ್ಮ ಅಂಥ ಸದ್ದು ಮಾಡುತ್ತಿದ್ದವಳು. ಊರಿನ ಕೆಳತುದಿಯಲ್ಲಿ ಸುಣ್ಣದ ಗೂಡು ಇದೆ. ಮೂವತ್ತು ಹೆಂಗಸರು ಅಲ್ಲಿ ಕಲ್ಲು ಸುಟ್ಟು, ನೀರು ಹುಯ್ದು, ಅರಳಿದ ಸುಣ್ಣವನ್ನು ಜರಡಿ ಹಿಡಿದು ಬದುಕುತ್ತಾರೆ. ಅವರಲ್ಲಿ ಗಂಟಲು ದೊಡ್ಡದು ಚೌಡಮ್ಮನದು. ಆಳು ಕುಳ್ಳಿ, ಚಾವಡಿಯ ಗೋಡೆಯಾಚೆ ನಿಂತರೆ ತಲೆಯೂ ಕಾಣುತ್ತಿರಲಿಲ್ಲ, ಆದರೆ ಸಭೆಯ ದಿನ ಅವಳ ಕೂಗಿಗೆ ಒಳಗಿದ್ದ ಕೋಳಿಗಳು ಬೆಚ್ಚಿ ಹಾರುತ್ತಿದ್ದವು. ಗೂಡಿನ ಹೊಗೆ ಮೇಲಿನ ಬೀದಿಗೆ ಬರುತ್ತದೆ, ಗೂಡನ್ನು ಗುಡ್ಡದಾಚೆಗೆ ಕಳಿಸಬೇಕು ಎಂಬ ಮಾತನ್ನು ಯಜಮಾನ ಮೂಡಲಗಿರಿಯಪ್ಪನವರು ಎರಡು ವರ್ಷ ಎತ್ತಿದರು. ಎರಡು ವರ್ಷವೂ ಅವಳ ಕೂಗಿಗೆ ಕೋಳಿ ಹಾರಿ, ಮಾತು ಅರ್ಧಕ್ಕೇ ನಿಂತಿತು.

ಸಭೆಗೆ ನಾಲ್ಕು ತಿಂಗಳಿರುವಾಗ ಯಜಮಾನರು ನನ್ನನ್ನು ಕರೆದರು.

“ಜವರಯ್ಯ, ಆ ಚೌಡಿಗೆ ಒಂದು ಬಿಳಿ ಕೋಳಿ ಕೊಟ್ಬುಡು.”

“ಮನ್ನಣೆಯಾ ಬುದ್ದಿ? ಅವಳಿಗಾ?”

“ಮನ್ನಣೆ ಕಣಯ್ಯ. ಊರು ಕೊಟ್ಟ ಕೋಳೀನ ಬ್ಯಾಡ ಅನ್ನೋ ಹಂಗಿಲ್ಲ. ಸಭೆಗೆ ಮುಂಚೆ ಕೋಳಿ ಹೋದ್ರೆ ಏಳು ವರ್ಷ ಬಾಯಿ ಬುಡೋ ಹಂಗಿಲ್ಲ, ಗೋಡೆ ಒಳಗೂ ಇಲ್ಲ, ಆಚೆಗೂ ಇಲ್ಲ. ನಿಯಮ ಗೊತ್ತಲ್ಲ ನಿಂಗೆ?”

ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದು ಇದಕ್ಕೇ. ಚೌಡಮ್ಮನ ಮನೆಗೆ ಗೋಡೆಯೇ ಸರಿಯಿಲ್ಲ, ಮುಂದೆ ಇರುವುದು ಗೂಡಿನ ಬಯಲು. ಹನ್ನೆರಡು ದಿನ, ಹೆಚ್ಚೆಂದರೆ ಹದಿಮೂರು. ನಾನು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಮಟೆ ಬಡಿಸಿಕೊಂಡು ಹೋಗಿ ಮನ್ನಣೆ ಒಪ್ಪಿಸಿಬಂದೆ. ಚೌಡಮ್ಮ ಕೋಳಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಪಾಪ, ಇದ್ಯಾವ ತಪ್ಪು ಮಾಡ್ತು?” ಎಂದಳು. ಕೋಳಿಯನ್ನು ಅಂದಳೋ ನನ್ನನ್ನು ಅಂದಳೋ ಆಗ ತಿಳಿಯಲಿಲ್ಲ.

ಮುಂದಿನ ಸೋಮವಾರ ಹೋದೆ. ಸುಣ್ಣದ ಬೀದಿಗೆ ಮೇಲಿನ ಬೀದಿಯವರು ಯಾರೂ ಕಾಲಿಡುವುದಿಲ್ಲ, ನಾನೂ ಮೊದಲು ಸರಿಯಾಗಿ ನೋಡಿರಲಿಲ್ಲ. ಅಲ್ಲಿ ನೆಲ ಬಿಳಿ, ಬೇಲಿ ಬಿಳಿ, ಹುಣಸೆ ಮರದ ಎಲೆ ಬಿಳಿ, ಹೆಂಗಸರ ರೆಪ್ಪೆಗೂದಲು ಬಿಳಿ. ನಾನು ಬಯಲಿನ ನಡುವೆ ನಿಂತು ಸುತ್ತಲೂ ಕಣ್ಣಾಡಿಸಿದೆ. ಕೋಳಿ ಕಾಣಲಿಲ್ಲ. ಒಳಗೊಳಗೇ ಖುಷಿಯಾಯಿತು, ಆದರೂ ಮುಖದ ಮೇಲೆ ಒಂದಿಷ್ಟು ದುಃಖ ತಂದುಕೊಂಡೆ.

“ಹೋಯ್ತಾ ಚೌಡಮ್ಮ?”

“ಎಲ್ಲಿಗೆ?”

“ಕೋಳಿ.”

“ನಿನ್ ಕಾಲ್ತಾವ್ಲೇ ಐತಲ್ಲಪ್ಪ. ತುಳಿದುಗಿಳಿದೀಯ.”

ಬಗ್ಗಿ ನೋಡಿದೆ. ಎರಡು ಕಣ್ಣು, ಒಂದು ಕೆಂಪು ಜುಟ್ಟು ನನ್ನ ಹೆಬ್ಬೆರಳ ಹತ್ತಿರ ಓಡಾಡುತ್ತಿದ್ದವು. ಅವುಗಳ ಸುತ್ತ ಕೋಳಿ ಇರಲೇಬೇಕು ಎಂದು ಕೈಹಾಕಿದರೆ, ಇತ್ತು. ಮೇಲೆ ಗಿಡುಗವೊಂದು ಎರಡು ಸುತ್ತು ಹಾಕಿ, ಸುಮ್ಮನೆ ಹೊರಟುಹೋಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರಿಗೂ ಕೋಳಿ ಕಾಣುತ್ತಿರಲಿಲ್ಲವಂತೆ, ಮೊಟ್ಟೆ ಹುಡುಕುವುದಂತೂ ದೇವರಿಗೇ ಪ್ರೀತಿ.

ವಾರ ಕಳೆದ ಹಾಗೆ ನನ್ನ ವರದಿ ಒಂದೇ ಆಯಿತು: ಬದುಕಿದೆ ಬುದ್ದಿ. ಹನ್ನೆರಡು ದಿನ ಹೋಗಿ ಮೂರು ತಿಂಗಳಾಯಿತು. ಸುಣ್ಣದವಳಿಗೆ ಬಿಳಿ ಕೋಳಿ ಕೊಡುವುದು ಮೀನಿಗೆ ನೀರು ಕೊಟ್ಟ ಹಾಗೆ ಎಂದು ಆ ಬೀದಿಯನ್ನು ಒಂದು ಸಲ ಕಂಡಿದ್ದ ಯಾವ ಮಗುವಾದರೂ ಹೇಳುತ್ತಿತ್ತು. ಯಜಮಾನರು ಕಂಡಿರಲಿಲ್ಲ. ಹೊಗೆ ಅವರ ಮನೆಗೆ ಹೋಗಿತ್ತೇ ಹೊರತು ಅವರು ಹೊಗೆಯ ಮನೆಗೆ ಬಂದಿರಲಿಲ್ಲ. ಸಭೆಗೆ ಒಂದು ವಾರ ಉಳಿದಾಗ ಅವರ ತಾಳ್ಮೆ ಕೆಟ್ಟಿತು.

“ಗಿಡುಗಕ್ಕೆ ಕಾಣ್ತಿಲ್ಲ ಅಂದ್ರೆ ಕಾಣೋ ಕಡೆ ಬುಡಬೇಕಪ್ಪ.”

“ನಾನಾ ಬುದ್ದಿ?”

“ನಾನು ಹಂಗಂದ್ನಾ? ಬೇಲಿಗೆ ಬಾಗ್ಲು ಅಂತ ಒಂದಿರುತ್ತೆ. ಅದು ಒಂದೊಂದ್ ಸಲ ತೆಗ್ದಿರುತ್ತೆ. ತಳವಾರಿಕೆ ನಿಮ್ಮಪ್ಪನ ಕಾಲದಿಂದ ನಿಮ್ಮನೇಲೇ ಐತೆ ಅಲ್ವಾ?”

ಬಿಲ್ಲೆಯನ್ನು ಬಿಚ್ಚಿ ಅವರ ಮುಂದಿಟ್ಟು ಬರುವ ಗಂಡಸುತನ ನನಗಿರಲಿಲ್ಲ. ಆ ಸೋಮವಾರ ಚೌಡಮ್ಮ ಗೂಡಿಗೆ ಸೌದೆ ತುಂಬುತ್ತಿದ್ದಳು. ನಾನು ಬಾಲ ನೋಡುವ ನೆಪದಲ್ಲಿ ಕೋಳಿಯನ್ನು ಹಿಂದಿನ ಮುಳ್ಳುಬೇಲಿಯ ತನಕ ಒಯ್ದೆ, ಬಾಗಿಲು ತೆಗೆದೆ, ಒಂದು ಹಿಡಿ ರಾಗಿಯನ್ನು ಆಚೆ ಎರಚಿದೆ. ಆಚೆ ಆಗಷ್ಟೇ ನೀರು ಹಾಯಿಸಿದ ಬದನೆ ಹೊಲ, ಒದ್ದೆ ಮಣ್ಣು ಕಪ್ಪಗಿತ್ತು. ಕೋಳಿ ಅದರ ಮೇಲೆ ಕಾಲಿಟ್ಟ ಕೂಡಲೇ ನನ್ನ ಕಣ್ಣೇ ಕುಕ್ಕಿತು. ಎರಡು ಕಾಳು ತಿಂದಿತ್ತೋ ಇಲ್ಲವೋ, ಆಕಾಶದಿಂದ ಗಿಡುಗ ಕಲ್ಲಿನ ಹಾಗೆ ಬಿತ್ತು.

ನಾನು ಆಗ ಯಾಕೆ ಕಿರುಚಿದೆನೋ ಗೊತ್ತಿಲ್ಲ. ಕಿರುಚಿದ್ದಂತೂ ನಿಜ. ಕೋಳಿ ಬೆಚ್ಚಿ ಬೇಲಿಯ ಬುಡಕ್ಕೆ ನುಗ್ಗಿತು, ಗಿಡುಗಕ್ಕೆ ಸಿಕ್ಕಿದ್ದು ಬಾಲದ ಮೂರು ಪುಕ್ಕ ಮಾತ್ರ. ಮುಳ್ಳಿನಲ್ಲಿ ಕೈ ತರಚಿಕೊಂಡು ನಾನು ಅದನ್ನು ಎಳೆದು ತೆಗೆದಾಗ ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು. ನನಗೆ ನಾಚಿಕೆಯಾಯಿತು. ನಾಲ್ಕು ತಿಂಗಳು ಅದರ ಬಾಲ ನೋಡಿದ್ದೆ, ಅದಕ್ಕೂ ಒಂದು ಎದೆಯಿದೆ ಎಂದು ಆವತ್ತೇ ತಿಳಿದದ್ದು.

ಕೋಳಿಯನ್ನು ಬಯಲಿಗೆ ಬಿಟ್ಟು, ಬಾಗಿಲು ಹಾಕಿ ಹೊರಡುವಷ್ಟರಲ್ಲಿ ಚೌಡಮ್ಮ ಎದುರು ಬಂದಳು. ನನ್ನ ಹೆಗಲ ಮೇಲಿನ ಟವೆಲ್ಲಿಗೆ ಅಂಟಿದ್ದ ಒಂದು ಬಿಳಿ ಪುಕ್ಕವನ್ನು ಎರಡು ಬೆರಳಲ್ಲಿ ಎತ್ತಿದಳು.

“ಪುಕ್ಕ ಉದುರೋ ಕಾಲ ಅಲ್ವಲ್ಲ ಇದು?”

“ಗೂಡಿನ ಕಾವು ಕಣಮ್ಮ, ಉಷ್ಣಕ್ಕೆ ಉದುರ್ತವೆ.”

“ಔದಾ?” ಎಂದು ಅದನ್ನು ಊದಿ ಹಾರಿಸಿದಳು. ಅಷ್ಟೇ. ಆ ಗಂಟಲಿನಿಂದ ಅಷ್ಟು ಕಡಿಮೆ ಮಾತು ಬಂದದ್ದು ನಾನು ಎಂದೂ ಕೇಳಿರಲಿಲ್ಲ.

ಸಭೆಯ ದಿನ ಇಡೀ ಊರು ಚಾವಡಿಯ ಅಂಗಳದ ಸುತ್ತ ಕೂತಿತ್ತು. ಆ ಅಂಗಳದ ಮಣ್ಣು ಕುಂಕುಮದ ಹಾಗೆ ಕೆಂಪು, ಹಿಟ್ಟಿನ ಹಾಗೆ ನುಣುಪು, ವರ್ಷವಿಡೀ ಗುಡಿಸುವುದು ನಾನೇ. ಮೊದಲು ಮೂಡಲಗಿರಿಯಪ್ಪನವರು ಎದ್ದರು. ಅವರ ಕೋಳಿಗೆ ಸೀಗೆಪುಡಿ ಹಾಕಿ ತೊಳೆದು, ಕೊನೆಯ ನೀರಿಗೆ ಎರಡು ತೊಟ್ಟು ನೀಲಿ ಬೆರೆಸಿದ್ದರು. ನೋಡಿದರೆ ಕಣ್ಣು ಮುಚ್ಚಬೇಕು, ಅಂಥ ಬಿಳುಪು. ಅದನ್ನು ನೆಲಕ್ಕೆ ಬಿಟ್ಟು, “ಗೂಡಿನ ಹೊಗೆ ತಡೆಯಕ್ಕಾಗಲ್ಲ, ಗೂಡು ಗುಡ್ಡದಾಚೆ ಹೋಗ್ಬೇಕು” ಎಂದು ಹೇಳಿ, ಗಿಡುಗ ತಿರುಗಿ ನೋಡುವಷ್ಟರಲ್ಲಿ ಎತ್ತಿಕೊಂಡು ಕೂತರು. ಅದಕ್ಕೆದುರಾಗಿ ಇನ್ನೊಬ್ಬರ ಮಾತು ಗಟ್ಟಿಯಾಗಿ ನಿಲ್ಲದಿದ್ದರೆ ಅದೇ ಊರ ಕಟ್ಟಳೆ. ಸುಣ್ಣದ ಬೀದಿಯ ಉಳಿದ ಹೆಂಗಸರೆಲ್ಲ ಚೌಡಮ್ಮನ ಕಡೆ ನೋಡಿದರು.

ಚೌಡಮ್ಮ ಕೋಳಿಯನ್ನು ತಂದಳು. ನಾನು ಬಾಲ ಎತ್ತಿ ನೋಡಿದೆ, ಮೂರು ಪುಕ್ಕ ಕಡಿಮೆ, ಕರಿ ಪುಕ್ಕ ಒಂದೂ ಇಲ್ಲ. “ಬಿಳಿ” ಎಂದು ಕೂಗಿದೆ. ಚಾವಡಿಯ ಸೂರಿನ ಮೇಲೆ ಎರಡು ಗಿಡುಗ ಬಂದು ಕೂತಿದ್ದವು.

ಅವಳು ಕೋಳಿಯನ್ನು ನೆಲಕ್ಕೆ ಬಿಟ್ಟು, ತಿಂಗಳಿಂದ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು: “ಗುಡ್ಡದಾಚೆ ನೀರಿಲ್ಲ, ನೀರಿಲ್ದೆ ಸುಣ್ಣ ಅರಳಲ್ಲ, ಮೂವತ್ತು ಮನೆ ಒಲೆ ಆರ್ತವೆ.” ಹೇಳಿ ಕೋಳಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು.

ಸುಣ್ಣದ ಬಯಲಿನಲ್ಲಿ ಯಾವ ಕೋಳಿಯೂ ನೆಲದಲ್ಲಿ ಹೊರಳಿ ಮಣ್ಣಿನ ಸ್ನಾನ ಮಾಡುವುದಿಲ್ಲ, ಸುಣ್ಣ ಚರ್ಮವನ್ನು ಸುಡುತ್ತದೆ. ನಾಲ್ಕು ತಿಂಗಳು ಆ ಕೋಳಿ ಮೈತುಂಬ ಸುಣ್ಣದ ತುರಿಕೆ ಹೊತ್ತು ತಿರುಗಿತ್ತು. ಈಗ ಕಾಲಡಿಯಲ್ಲಿ ನಾನು ವರ್ಷವಿಡೀ ಗುಡಿಸಿ ನುಣುಪು ಮಾಡಿದ ಕೆಮ್ಮಣ್ಣು. ಅದು ಒಂದು ಸಲ ಕೆರೆಯಿತು, ಎರಡು ಸಲ ಕೆರೆಯಿತು, ಆಮೇಲೆ ಸಭೆಯ ಮರ್ಯಾದೆ ಮರೆತು ಧೊಪ್ಪನೆ ಬಿದ್ದು ಹೊರಳಿತು. ರೆಕ್ಕೆಯಲ್ಲಿ ಮಣ್ಣು ತೋಡಿ ಬೆನ್ನ ಮೇಲೆ ಹಾಕಿಕೊಂಡಿತು, ಕತ್ತಿಗೆ ಹಾಕಿಕೊಂಡಿತು, ಕಾಲು ಮೇಲೆ ಮಾಡಿ ಒದ್ದಾಡಿತು. ಅಷ್ಟು ಸುಖಪಟ್ಟ ಜೀವವನ್ನು ನಾನು ಮದುವೆಮನೆಯಲ್ಲೂ ಕಂಡಿಲ್ಲ. ಸೂರಿನ ಮೇಲಿಂದ ಒಂದು ಗಿಡುಗ ಹಾರಿ ಅರ್ಧ ದಾರಿಗೆ ಇಳಿದು, ಕೆಳಗೆ ಕೆಂಪು ಬಿಟ್ಟು ಏನೂ ಕಾಣದೆ ವಾಪಸು ಹೋಗಿ ಕೂತಿತು.

ಕೋಳಿ ನೆಲದ ಮೇಲೇ ಇತ್ತು. ಅಂದರೆ ಮಾತು ಇನ್ನೂ ಚೌಡಮ್ಮನದೇ. ಆದರೆ ನಮ್ಮೂರಿನಲ್ಲಿ ಹನ್ನೊಂದನೆಯ ಪದವನ್ನು ಯಾರೂ ಕಲಿತುಬಂದವರಲ್ಲ. ಅವಳು ಆಕಾಶ ನೋಡಿದಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ, ಮನೆಯ ಜಗಲಿಯ ಮೇಲೆ ಕೂತವಳ ಹಾಗೆ ಶುರುಮಾಡಿದಳು.

“ಮೂಡ್ಲಗಿರಿಯಪ್ಪೋರೇ, ಬಾಯಲ್ಲಿ ಎಲೆ ಐತಲ್ಲ, ಅದಕ್ಕೆ ಹಚ್ಚಿದ್ ಸುಣ್ಣ ಎಲ್ಲಿಂದ ಬಂತು?”

ಯಜಮಾನರ ದವಡೆ ನಿಂತುಹೋಯಿತು. ಸಾಲಿನಲ್ಲಿ ಕೂತ ಎಲ್ಲ ಹಿರಿಯರ ದವಡೆಯೂ ಒಟ್ಟಿಗೆ ನಿಂತವು. ಉಗುಳಲು ಏಳುವಂತಿಲ್ಲ, ನುಂಗಲು ಮನಸ್ಸಿಲ್ಲ.

“ಈ ಗೋಡೆ ಬಿಳುಪು ಯಾರದು? ನಿಮ್ಮ ಮಗಳ ಮದುವೇಲಿ ಮನೆಗೆ ಹೊಡ್ಸಿದ್ರಲ್ಲ, ಅದು ಯಾರದು? ಹೊಗೆ ನಮ್ದು, ಬಿಳುಪು ನಿಮ್ದಾ?”

ಹೆಂಗಸರ ಸಾಲಿನಲ್ಲಿ ಕಣ್ಣುಗಳೆಲ್ಲ ಹೊಳೆಯುತ್ತಿದ್ದವು. ಗೂಡಿನ ಮಾತು ಮುಗಿಯಿತು. ಕೋಳಿಯ ಸ್ನಾನ ಮುಗಿದಿರಲಿಲ್ಲ. ಚೌಡಮ್ಮ ಯಜಮಾನರ ಎಮ್ಮೆ ಯಾರ ಯಾರ ಬೇಲಿ ತಿಂದಿತು ಎಂಬುದಕ್ಕೆ ಬಂದಳು, ಅಲ್ಲಿಂದ ನೀರಿನ ಸರದಿಗೆ ಬಂದಳು, ನಾಲ್ಕು ವರ್ಷದ ಹಿಂದೆ ಒಯ್ದ ಒನಕೆಯನ್ನು ತಳವಾರರ ಈರಮ್ಮ ಇನ್ನೂ ವಾಪಸು ಕೊಟ್ಟಿಲ್ಲ ಎಂಬುದಕ್ಕೂ ಬಂದಳು. ಈರಮ್ಮ ಬಾಯಿ ಬಿಡುವಂತಿರಲಿಲ್ಲ, ಕಣ್ಣಲ್ಲೇ ಉತ್ತರ ಕೊಟ್ಟಳು. ಬಿಸಿಲು ನೆತ್ತಿಗೆ ಬಂತು. ಏಳುವಂತಿಲ್ಲದ ಹಿರಿಯರು ಕಾಲು ಜೋಮು ಹಿಡಿದು ಎಡಕ್ಕೂ ಬಲಕ್ಕೂ ವಾಲುತ್ತಿದ್ದರು.

ಯಜಮಾನರ ತೋಳಿನಲ್ಲಿದ್ದ ಕೋಳಿ ಅಷ್ಟು ಹೊತ್ತೂ ಆ ಸ್ನಾನವನ್ನೇ ನೋಡುತ್ತಿತ್ತು. ಸೀಗೆಪುಡಿ, ನೀಲಿ, ಬಲೆಯೊಳಗಿನ ಬಿಸಿಲು, ಇಷ್ಟೇ ಕಂಡಿದ್ದ ಬಡಪಾಯಿ. ಅವರ ಕೈ ಸಡಿಲವಾದದ್ದೇ ತಡ, ಕೊಸರಿಕೊಂಡು ಅಂಗಳಕ್ಕೆ ಹಾರಿತು. ಯಜಮಾನರಿಗೆ ಏಳುವಂತಿಲ್ಲ, ಕೂಗುವಂತಿಲ್ಲ. ತುಂಬಿದ ಬಾಯಲ್ಲಿ “ಹೂಂ! ಹೂಂ!” ಎಂದು ಎರಡೂ ಕೈ ಬೀಸಿದರು. ಅದು ಮಣ್ಣಿಗೆ ಮೈ ತಾಗಿಸುವ ಮೊದಲೇ ಸೂರಿನ ಮೇಲಿನ ಗಿಡುಗ ಬಂದು, ಬೆಣ್ಣೆಯಿಂದ ಕೂದಲು ತೆಗೆದಂತೆ ಎತ್ತಿಕೊಂಡು ಹೋಯಿತು. ಅದರ ಜೊತೆಗೆ ಗೂಡು ಗುಡ್ಡದಾಚೆ ಹೋಗಬೇಕೆಂಬ ಮಾತೂ ಹೋಯಿತು. ಸುಣ್ಣದ ಬೀದಿಯ ಹೆಂಗಸರು ನಿಯಮ ಮುರಿಯದೆ, ಬಾಯಿ ಮುಚ್ಚಿಕೊಂಡೇ ಅತ್ತರು.

ಚೌಡಮ್ಮ ಮಾತ್ರ ಅಳಲಿಲ್ಲ. ಸಭೆಯನ್ನೆಲ್ಲ ಒಮ್ಮೆ ನೋಡಿ, ಕಣ್ಣನ್ನು ನನ್ನ ಮೇಲೆ ತಂದು ನಿಲ್ಲಿಸಿದಳು.

“ಇನ್ನೊಂದ್ ಮಾತೈತೆ. ಹೋದ ಸೋಮವಾರ...”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನನ್ನ ಕೈ ತಾನಾಗಿಯೇ ಟವೆಲ್ಲಿನ ಮೇಲೆ ಹೋಯಿತು. ಊರು ಕೊಟ್ಟ ಕೋಳಿಯನ್ನು ಕೊಲ್ಲಿಸಲು ಹೋದ ತಳವಾರನ ಬಿಲ್ಲೆಯನ್ನು ಸಭೆಯಲ್ಲೇ ಕಿತ್ತುಕೊಳ್ಳುತ್ತಾರೆ. ಚೌಡಮ್ಮ ನನ್ನನ್ನು ಎಷ್ಟು ಹೊತ್ತು ನೋಡಿದಳೋ, ಆಮೇಲೆ ಬಗ್ಗಿ ಕೋಳಿಯನ್ನು ಎತ್ತಿಕೊಂಡುಬಿಟ್ಟಳು. ಮಾತು ಮುಗಿಯಿತು.

ಅಲ್ಲಿಯ ತನಕ ಇದು ಯಾವಾಗ ಮುಗಿದೀತು ಎಂದು ಒದ್ದಾಡುತ್ತಿದ್ದ ಹಿರಿಯರೆಲ್ಲ ಎದ್ದು, “ಏನು ಹೋದ ಸೋಮವಾರ? ಹೇಳಮ್ಮ, ಹೇಳು!” ಎಂದು ಅವಳ ಸುತ್ತ ಮುತ್ತಿದರು. “ಕೋಳಿ ಕೈಲೈತಲ್ಲ ಸ್ವಾಮಿ,” ಎಂದು ಅವಳು ದಾರಿ ಮಾಡಿಕೊಂಡು ಹೊರಟಳು.

ಅಂಗಳದ ಬಾಗಿಲಲ್ಲಿ ನಿಂತಳು. ತೋಳಿನಲ್ಲಿದ್ದ ಕೋಳಿಯನ್ನು ನೋಡಿದಳು. ಜುಟ್ಟಿನಿಂದ ಉಗುರಿನ ತನಕ ಅದು ಕೆಂಪಾಗಿತ್ತು. ಕೆಳಗೆ ಅವಳ ಬೀದಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಮೇಲೆ ಇನ್ನೊಂದು ಗಿಡುಗ ಕಾದಿತ್ತು. ನನಗೂ ಅದೇ ಗಳಿಗೆಯಲ್ಲಿ ಹೊಳೆಯಿತು: ಹೀಗೇ ಒಯ್ದರೆ ಬೀದಿಯ ಮೊದಲ ಮನೆಯನ್ನೂ ಇದು ದಾಟುವುದಿಲ್ಲ.

“ಜವರಯ್ಯ, ಬಾ ಇಲ್ಲಿ.”

ಹೋದೆ. ಕೋಳಿಯನ್ನು ನನ್ನ ಕೈಗೆ ಇಟ್ಟಳು.

“ತೊಳಿ.”

ಚಾವಡಿಯ ಪಕ್ಕದಲ್ಲಿ ದನ ನೀರು ಕುಡಿಯುವ ಕಲ್ಲುತೊಟ್ಟಿ ಇದೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಊರೆಲ್ಲ ನೋಡುತ್ತಿರುವಾಗ, ಗಿಡುಗಕ್ಕೆ ನನ್ನ ಬೆನ್ನು ಕೊಟ್ಟು ಬಗ್ಗಿ, ನಾನು ಕೋಳಿ ತೊಳೆದೆ. ಯಜಮಾನರು ಹಾದುಹೋದರು, ನಾನು ತಲೆ ಎತ್ತಲಿಲ್ಲ. ಈರಮ್ಮ ಬಂದು ನೋಡಿ ಏನೋ ಅನ್ನಲು ಬಾಯಿ ತೆರೆದವಳು ನನ್ನ ಮುಖ ಕಂಡು ಮನೆ ಕಡೆ ನಡೆದಳು. ಕೆಂಪು ನೀರು ಬೆರಳ ಸಂದಿಯಿಂದ ಇಳಿಯಿತು. ಅಂಗೈಯಲ್ಲಿ ಆ ಎದೆ ಮತ್ತೆ ಬಡಿಯುತ್ತಿತ್ತು, ಈ ಸಲ ನಿಧಾನವಾಗಿ. ನನ್ನಿಂದ ತಡೆಯಲಾಗಲಿಲ್ಲ.

“ಚೌಡಮ್ಮ, ಬೇಲಿ ಬಾಗ್ಲು ತೆಗೆದಿದ್ದು ನಾನೇ.”

“ಗೊತ್ತು,” ಎಂದಳು ಅವಳು, ಆಕಾಶದ ಮೇಲಿನ ಕಣ್ಣು ತೆಗೆಯದೆ. “ರೆಕ್ಕೆ ಅಡೀಲಿ ಇನ್ನೂ ಕೆಂಪೈತೆ. ಸರಿಯಾಗ್ ತಿಕ್ಕು.”